ಸೋವಿ ಸ್ಪೀಕರ್ ಬಾಕ್ಸಿನ ಬೆನ್ನು ಹತ್ತಿ

ಹಳೆಯ ಸಾಮಾನು ಸೋವಿಗೆ ಸಿಗುತ್ತದೆ ಎಂದು ಕೇಳಿ ಹೊರಟವನಿಗೆ ಆ ಸಾಮಾನು ಸಿಕ್ಕೀತೋ ಇಲ್ಲವೋ ಹೇಳಲಾಗದು. ಆದರೆ ಬಾಯಿ ತೆರೆದುಕೊಂಡು ನಿಲ್ಲುವಂಥ ಒಂದು ಪ್ರಸಂಗ ಮಾತ್ರ ಸಿಕ್ಕೇ ಸಿಗುತ್ತದೆ. ನನಗಂತೂ ಹೋದಲ್ಲೆಲ್ಲ ಸಿಕ್ಕವು. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು.

ನಾನು ಇಚಲಕರಂಜಿಯಲ್ಲಿ ಪವರ್‌ಲೂಮಿನ ಜಾಬರ್. ಅಂದರೆ ಮಗ್ಗ ಕೆಟ್ಟು ನಿಂತರೆ ರಿಪೇರಿ ಮಾಡಿ ಓಡಿಸುವವನು. ನಮ್ಮಪ್ಪ ಅಥಣಿ ಕಡೆಯಿಂದ ಮಗ್ಗದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ಹೀಗಾಗಿ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಮಗ್ಗದ ಖಟಖಟ ಕೇಳಿ ಕೇಳಿ ನನ್ನ ಕಿವಿ ಅರ್ಧ ಹೋಗಿವೆ. ಉಳಿದ ಅರ್ಧದಲ್ಲಿ ಗಿಟಾರ್ ನುಡಿಸುತ್ತೇನೆ. ಮದುವೆ, ಅರಿಶಿನ ಹಚ್ಚುವ ಹಳದಿ, ತೊಟ್ಟಿಲ ಕಾರ್ಯಗಳಿಗೆ ಹೋಗುವ ಸಣ್ಣ ಆರ್ಕೆಸ್ಟ್ರಾ ನಮ್ಮದು.

ಒಂದು ಹಳದಿ ಕಾರ್ಯಕ್ರಮದ ನಟ್ಟ ನಡುವೆ ನನ್ನ ಸ್ಪೀಕರ್ ಹರಿದುಹೋಯಿತು. ಒಳ್ಳೆಯ ಹಾಡಿನ ನಡುವೆ ಯಾರೋ ತಗಡಿನ ಮೇಲೆ ಹುರುಳಿ ಸುರಿದಂಥ ಸಪ್ಪಳ. ಮದುಮಗಳ ಸೋದರಮಾವ ಅಡುಗೆ ಮನೆಗೆ ಓಡಿದ, ಅಲ್ಲೇನೋ ಬಿತ್ತು ಅಂತ. ಆರ್ಕೆಸ್ಟ್ರಾ ನಡೆಸುವ ನಮ್ಮ ಗಾಯಕಿ ಮ್ಯಾಡಮ್ ಕಾರ್ಯಕ್ರಮ ಮುಗಿದ ಮೇಲೆ ಶಾಂತವಾಗಿ ಹೇಳಿದರು:

"ಲಗ್ನದ ಹಂಗಾಮು ಜೋರಾಗೂದ್ರೊಳಗ ಬಾಕ್ಸ್ ತರ್ರಿ. ಇಲ್ಲಂದ್ರ ಗಿಟಾರು ಕೀಬೋರ್ಡಿನ್ಯಾಗೂ ಐತಿ. ಒಂದು ಗುಂಡಿ ಒತ್ತಿದ್ರ ಬರ್ತೈತಿ."

ಇಷ್ಟು ವರ್ಷ ಬೆರಳ ತುದಿ ಸವೆಸಿಕೊಂಡು ಕಲಿತದ್ದು ಅಷ್ಟರಲ್ಲಿ ಒಂದು ಗುಂಡಿಯಾಗಿ ಹೋಯಿತು.

ಗಿಟಾರಿನ ಆಂಪ್ಲಿಫಾಯರು ಎರಡು ತುಂಡು. ಮೇಲೆ ಗುಂಡಿಗಳಿರುವ ಹೆಡ್ಡು, ಕೆಳಗೆ ಸ್ಪೀಕರ್ ಇರುವ ಕಟ್ಟಿಗೆಯ ಪೆಟ್ಟಿಗೆ. ಆ ಪೆಟ್ಟಿಗೆಗೆ ಕ್ಯಾಬಿನೆಟ್ ಅಂತಾರೆ, ನಾವು ಬಾಕ್ಸ್ ಅಂತೀವಿ. ನನ್ನ ಹೆಡ್ಡು ಗಟ್ಟಿಮುಟ್ಟಾಗಿತ್ತು, ಬಾಕ್ಸ್ ಮಾತ್ರ ಹೋಗಿತ್ತು. ಮನೆಗೆ ಬಂದು ಹೆಂಡತಿಗೆ ತಿಳಿಯುವ ಹಾಗೆ ಹೇಳಿದೆ:

"ತಲಿ ಚಲೋ ಐತಿ, ಮೈ ಹೋಗೈತಿ."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು.

"ನಾ ಇಷ್ಟು ವರ್ಷ ಉಲ್ಟಾ ತಿಳಕೊಂಡಿದ್ನೆಲ್ರೀ!"

೧. ಸಾಗವಾನಿ ಮಾಲು

ಹೊಸ ಬಾಕ್ಸಿನ ಬೆಲೆ ಕೇಳಿಯೇ ಅಂಗಡಿಯಿಂದ ಹಿಂದೆ ಹಿಂದೆ ನಡೆದು ಹೊರಗೆ ಬಂದವನು ನಾನು. ಹಾಗಾಗಿ ಸೆಕೆಂಡ್‌ಹ್ಯಾಂಡೇ ಗತಿ. ನನ್ನ ಜೊತೆಗೆ ಹೊರಟವನು ನಮ್ಮ ಢೋಲಕಿಯವ. ದಿನದ ಹೊತ್ತು ಟೇಲರ್, ಮರಾಠಿ ಮನುಷ್ಯ, ನನ್ನ ಜೊತೆ ಇದ್ದು ಇದ್ದು ಕನ್ನಡ ಕಲಿತವ. ಅವನ ಹತ್ತಿರ ಸ್ಕೂಟರ್ ಇದೆ, ಮನಸ್ಸು ಒಳ್ಳೆಯದಿದೆ. ಒಂದೇ ಖೋಟು, ಅಂದರೆ ದೋಷ: ಕೊಳ್ಳಲು ಹೋದ ವಸ್ತುವನ್ನು ಮಾರುವವನ ಎದುರಿಗೇ ಹೊಗಳುತ್ತಾನೆ. ನಾನು ಮುಖ ಸಿಂಡರಿಸಿಕೊಂಡು "ಹಳೇದೈತಿ" ಅಂತ ಶುರು ಮಾಡುವುದರೊಳಗೆ ಇವನು "ಏಕ್ ನಂಬರ್!" ಅಂದುಬಿಟ್ಟಿರುತ್ತಾನೆ.

ಕೊಲ್ಹಾಪುರದ ಹಳೆಯ ಪೇಟೆಯಲ್ಲಿ ಒಬ್ಬರ ಮನೆಯಲ್ಲಿ ಗಿಟಾರ್ ಕ್ಯಾಬಿನೆಟ್ ಇದೆ, ಭಾಳ ಸೋವಿ, ಎಂದು ಪರಿಚಯದವರೊಬ್ಬರು ಹೇಳಿದರು. ಹೋದೆವು. ಮನೆಯ ಯಜಮಾನರು ಹಿರಿಯರು, ಚಹಾ ಕೊಟ್ಟರು, ಕೂರಿಸಿದರು. (ಮಾತೆಲ್ಲ ಮರಾಠಿಯಲ್ಲಿ ನಡೆದದ್ದು, ಇಲ್ಲೂ ಮುಂದೆಯೂ ನಾನು ನಮ್ಮ ಮನೆ ಮಾತಿನಲ್ಲಿ ಹೇಳುತ್ತಿದ್ದೇನೆ.)

"ಕ್ಯಾಬಿನೆಟ್ ಎಷ್ಟು ದೊಡ್ಡದೈತ್ರಿ?" ಅಂದೆ.

"ಛತ್ತಿಗೆ ಹತ್ತತೈತಿ."

ನಾನೂ ಢೋಲಕಿಯವನೂ ಮುಖ ಮುಖ ನೋಡಿಕೊಂಡೆವು. ಚಾವಣಿಗೆ ತಾಗುವಷ್ಟು ಎತ್ತರದ ಗಿಟಾರ್ ಬಾಕ್ಸನ್ನು ನಾನು ಫೋಟೋದಲ್ಲೂ ಕಂಡಿರಲಿಲ್ಲ. ಹಿರಿಯರು ಒಳಕೋಣೆಯ ಬಾಗಿಲು ತೆರೆದು ದೀಪ ಹಾಕಿದರು.

ಎದುರಿಗೆ ಗಾಜಿನ ಬಾಗಿಲಿನ ಒಂದು ಕಪಾಟು. ಮಧ್ಯದ ಖಾನೆಯಲ್ಲಿ ಅವರ ಮಗಳ ಹಳೆಯ ಗಿಟಾರು ನೆಟ್ಟಗೆ ನಿಂತಿತ್ತು. ಗಿಟಾರ್ ಇಡುವ ಕ್ಯಾಬಿನೆಟ್!

ನಾನು ಗಾಜಿನೊಳಗೆ ಇಣುಕಿ ಕೇಳಿದೆ: "ಇದರಾಗ... ಸ್ಪೀಕರ್ ಎಲ್ಲಿ ಐತ್ರಿ?"

ಹಿರಿಯರು ಮೇಲಿನ ಖಾನೆ ತೋರಿಸಿದರು. "ಇಲ್ಲಿ ಇಡ್ರಿ. ಆರಾಮ ಹಿಡೀತೈತಿ."

ಢೋಲಕಿಯವ ಅಷ್ಟರಲ್ಲಿ ಕಪಾಟಿನ ಬಾಗಿಲು ತೆರೆದು, ಮುಚ್ಚಿ, ಬಡಿದು ನೋಡಿ ಆಗಿತ್ತು. "ಅಸಲೀ ಸಾಗವಾನಿ! ಏಕ್ ನಂಬರ್!"

ಹೇಗೋ ಬಿಡಿಸಿಕೊಂಡು ಬಂದೆವು. ಸಂಜೆ ನಗಾಡಲಿಕ್ಕೆಂದು ಹೆಂಡತಿಗೆ ಮೊಬೈಲಿನಲ್ಲಿ ಹಿಡಿದು ತಂದಿದ್ದ ಕಪಾಟಿನ ಫೋಟೋ ತೋರಿಸಿದೆ. ಅವಳು ನಗಲಿಲ್ಲ. ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದಳು.

"ಮದುವಿ ಆದಾಗಿಂದ ನೀವು ನೋಡಾಕ ಹೋದದ್ದರಾಗ ಇದೊಂದ ಶಾಣ್ಯಾತನದ ವಸ್ತು. ಇದನ್ನ ಬಿಟ್ಟು ಬಂದೀರಿ?"

೨. ಫೋನಿನಲ್ಲಿ

ಇನ್ನು ಮೇಲೆ ಮೊದಲು ಫೋನು, ಆಮೇಲೆ ಸ್ಕೂಟರು ಎಂದು ಠರಾವು ಮಾಡಿದೆ. ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಫೋಟೋದಲ್ಲಿ ಸ್ಪೀಕರೇ ಇತ್ತು, ಕಪಾಟಲ್ಲ. ಫೋನ್ ಮಾಡಿದರೆ ಮಾರುವವರು ನಿಪ್ಪಾಣಿ ಕಡೆಯ ಕನ್ನಡದವರೇ.

"ಸ್ಪೀಕರ್ ಹ್ಯಾಂಗ್ ಅದಾವ್ರಿ?"

"ಬೆಂಕಿ ಅದಾವ! ವರ್ಷಗಟ್ಲೆ ದಿನಾ ಫುಲ್ ಆವಾಜಿಟ್ಟು ಬಾರಿಸೇನಿ. ಮುಂದನ ಕುಂತು ಬಾರಿಸೇನಿ. ಏನೂ ಆಗಿಲ್ಲ!"

"ಏನೂ ಆಗಿಲ್ಲಂದ್ರ ಮತ್ಯಾಕ ಮಾರಾಕತ್ತೀರಿ?"

"ಹಾಂ?"

"ಮತ್ಯಾಕ ಮಾರಾಕತ್ತೀರಿ?"

"ಹಾಂ? ಏನಂದ್ರಿ?"

"ಯಾಕ! ಮಾರಾಕತ್ತೀರಿ! ಅಂದೆ!"

"ನಿಮ್ಮ ಫೋನ್ ಕೆಟ್ಟೈತೇನ್ರಿ? ಏನೂ ಕೇಳವಲ್ದು. ನನ್ನ ಮಗಳ ಕೈಯಾಗ ಕೊಡ್ತೇನಿ, ಆಕಿಗೆ ಕಿವಿ ಅದಾವ!"

ನಾನು ಫೋನ್ ಇಟ್ಟೆ. ಇದ್ದ ಅರ್ಧ ಕಿವಿಯನ್ನು ಮುಟ್ಟಿ ನೋಡಿಕೊಂಡೆ.

೩. ಸ್ಪೀಕರಿನ ಗೋಡೆ

ನಮ್ಮ ಊರಲ್ಲೇ ನಮಗಿಂತ ದೊಡ್ಡ ಒಂದು ಆರ್ಕೆಸ್ಟ್ರಾ ಇತ್ತು. ಅವರ ಸ್ಟೇಜಿನ ಹಿಂದೆ ಸ್ಪೀಕರ್ ಬಾಕ್ಸುಗಳ ಗೋಡೆಯೇ ಇರುತ್ತಿತ್ತು. ಒಂದರ ಮೇಲೊಂದು, ಕಪ್ಪಗೆ, ಮೇಲೆ ಲೈಟಿನ ಮಾಲೆ. ಆ ಗೋಡೆ ನೋಡಿದ ಬೀಗರು ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಮ್ಮ ಎಷ್ಟೋ ಸುಪಾರಿಗಳು, ಅಂದರೆ ಕಾರ್ಯಕ್ರಮದ ಬುಕಿಂಗುಗಳು, ಆ ಗೋಡೆಗೆ ಬಡಿದು ಬಿದ್ದಿದ್ದವು. ಅವರ ಗಿಟಾರಿನವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು, ಕೂದಲು ಹಾರಿಸುತ್ತ, ಏನು ಠೀವಿ!

ಆ ಆರ್ಕೆಸ್ಟ್ರಾದ ಮಾಲಕ ಧಂಧೆ ಬಿಟ್ಟು ಬಟ್ಟೆ ಅಂಗಡಿ ಹಾಕುತ್ತಿದ್ದಾನೆ, ಬಾಕ್ಸುಗಳನ್ನೆಲ್ಲ ಮಾರುತ್ತಿದ್ದಾನೆ ಎಂಬ ಸುದ್ದಿ ಬಂತು. ನಾನೂ ಢೋಲಕಿಯವನೂ ಅವನ ಗೋಡೌನಿಗೆ ಓಡಿದೆವು. ಗೋಡೆ ಅಲ್ಲಿ ನಿಂತಿತ್ತು. ಢೋಲಕಿಯವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಅಷ್ಟು ಭಕ್ತಿ.

"ಯಾವುದು ಬೇಕೋ ತಗೋರಿ," ಅಂದ ಮಾಲಕ. ಬೆಲೆ ಕೇಳಿದರೆ ತರಕಾರಿ ಬೆಲೆ.

ನಾನು ಒಂದನ್ನು ಹಿಡಿದು, ಎರಡೂ ಕಾಲು ಊರಿ, ಉಸಿರು ಬಿಗಿ ಹಿಡಿದು, ಶಕ್ತಿ ಹಾಕಿ ಎತ್ತಿದೆ. ಬಾಕ್ಸ್ ಹಾರಿ ತಲೆಯ ಮೇಲೆ ಹೋಯಿತು. ನಾನು ಹಿಂದಕ್ಕೆ ಬಿದ್ದೆ, ಅದು ನನ್ನ ಮೈಮೇಲೆ ಬಿತ್ತು. ಅದು ಗಾಳಿಯಷ್ಟು ಹಗುರ!

ಢೋಲಕಿಯವ ಹಿಂದಿನ ಹಲಗೆ ಬಿಚ್ಚಿದ. ಒಳಗೆ ಸ್ಪೀಕರ್ ಇಲ್ಲ. ಒಂದು ಚಾದರ, ಎರಡು ಊಟದ ಡಬ್ಬಿ, ಗಾಯಕಿಯ ಒಂದು ಜೋಡಿ ಸ್ಯಾಂಡಲ್. ಇನ್ನೊಂದು ಬಿಚ್ಚಿದ. ಕೊಡೆ, ಪ್ಲಾಸ್ಟಿಕ್ ಹೂ. ಮತ್ತೊಂದರಲ್ಲಿ ಇಸ್ತ್ರಿ ಪೆಟ್ಟಿಗೆ.

"ಇದೆಲ್ಲಾ ಖಾಲಿ ಏನ್ರಿ?" ಅಂದೆ.

"ಶೋ ಮಾಡಾಕ ಇಟ್ಟಿದ್ವಿರಿ," ಅಂದ ಮಾಲಕ, ಸಹಜವಾಗಿ. "ಎರಡ ಬಾಕ್ಸ್ ಚಾಲೂ ಇದ್ದವು. ಅವು ಹಾಡೋರದು. ಅವನ್ನ ನಿನ್ನೆ ಮಾರಿದೆ."

"ಮತ್ತ ನಿಮ್ಮ ಗಿಟಾರಿನವ? ಅವನ ವೈಯರ್ ಎಲ್ಲಿ ಹೋಗ್ತಿತ್ತು?"

"ಈಗ ನಿಮ್ಮ ಮೈಮ್ಯಾಲ ಬಿತ್ತಲಾ, ಆ ಖಾಲಿ ಬಾಕ್ಸಿಗೆ."

"ಅವನಿಗೆ ಗೊತ್ತಿತ್ತೇನು?"

"ಎಲ್ಲೀದು! ಪಾಪ, ಕಡೀತನಕಾ ನನಗ ಸ್ವಲ್ಪ ಆವಾಜ್ ಏರಸ್ರಿ, ಏರಸ್ರಿ ಅಂತಿದ್ದ. ಏರಿಸೇನಿ ಅಂತಿದ್ದೆ." ಮಾಲಕ ಬಾಕ್ಸಿನ ಮೇಲಿನ ಧೂಳು ಒರೆಸಿದ. "ಅದಕ್ಕ ನಮ್ಮ ಪ್ರೋಗ್ರಾಮ್ ಭಾಳ ಚಂದ ಆಗ್ತಿದ್ವು."

ನಾನು ಹೊರಗೆ ಬಂದೆ. ಢೋಲಕಿಯವ ಒಳಗೇ ಉಳಿದಿದ್ದ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಅವನ ದನಿ ಕೇಳಿತು:

"ಒಂದು ಖಾಲಿ ಬಾಕ್ಸಿಗೆ ಎಷ್ಟು ತಗೋತೀರಿ? ನಮ್ಮ ಮ್ಯಾಡಮ್ ಅವರಿಗೆ ತೋರಸ್ತೇನಿ."

೪. ಗಡಹಿಂಗ್ಲಜದ ಕಬ್ಬಿನ ಹೊಲ

ಗಡಹಿಂಗ್ಲಜದ ಹತ್ತಿರದ ಒಂದು ಹಳ್ಳಿಯಲ್ಲಿ ರೈತರೊಬ್ಬರ ಹತ್ತಿರ ಅಸಲಿ ಗಿಟಾರ್ ಬಾಕ್ಸ್ ಇದೆ ಎಂದು ತಿಳಿಯಿತು. ಅವರ ತಮ್ಮ ಕಾಲೇಜು ಓದುವಾಗ ಗಿಟಾರಿನ ಹುಚ್ಚು ಹಿಡಿದು ಕೊಂಡದ್ದಂತೆ. ಹುಚ್ಚು ಬಿಟ್ಟಿತು, ಬಾಕ್ಸ್ ಉಳಿಯಿತು. ಈ ಸಲ ನಾನು ಫೋನಿನಲ್ಲೇ ಕೇಳಿದೆ: ಒಳಗೆ ಸ್ಪೀಕರ್ ಇದೆಯೇ? ಇದೆ. ಶಬ್ದ ಬರುತ್ತದೆಯೇ? "ಅರ್ಧ ಊರಿಗೆ ಕೇಳತೈತಿ," ಅಂದರು.

ಹೋದರೆ ಬಾಕ್ಸ್ ಮನೆಯಲ್ಲಿಲ್ಲ, ಹೊಲದಲ್ಲಿದೆ. ಕಬ್ಬಿನ ಅಂಚಿಗೆ ತಗಡಿನ ಒಂದು ಛಪ್ಪರ, ಅದರ ಕೆಳಗೆ ಕಲ್ಲಿನ ಮೇಲೆ ಬಾಕ್ಸು. ಪಕ್ಕದಲ್ಲಿ ಸಣ್ಣದೊಂದು ಆಂಪ್ಲಿಫಾಯರು, ಅದಕ್ಕೆ ಚುಚ್ಚಿದ ಪೆನ್‌ಡ್ರೈವ್. ಜಾಲರಿಯ ಮೇಲೆ ಮಣ್ಣು ಸಿಡಿದಿತ್ತೇ ಹೊರತು ಸ್ಪೀಕರ್ ಹರಿದಿರಲಿಲ್ಲ. ಹಿಂದಿನಿಂದ ಕೈ ಹಾಕಿ ಸ್ಪೀಕರಿನ ಕಾಗದದ ಪರದೆಯನ್ನು ಮೆತ್ತಗೆ ಒತ್ತಿ ನೋಡಿದೆ. ಒಳಗೆಲ್ಲೂ ಕೆರೆಯುವ ಸಪ್ಪಳವಿಲ್ಲ. ಮೂಗು ಹಚ್ಚಿ ನೋಡಿದೆ. ಸುಟ್ಟ ವಾಸನೆ ಇಲ್ಲ. ಢೋಲಕಿಯವನ ಕಾಲನ್ನು ಮೊದಲೇ ತುಳಿದು ನಿಂತಿದ್ದೆ, ಹೊಗಳದಿರಲಿ ಅಂತ.

"ಚಾಲೂ ಮಾಡಿ ತೋರಸ್ರಿ," ಅಂದೆ. ಸಣ್ಣ ಗರಗರವಿದ್ದರೂ ಗೊತ್ತಾಗಲೆಂದು ಅರ್ಧ ಕಿವಿಯನ್ನು ಜಾಲರಿಗೆ ಹಚ್ಚಿ ಕುಳಿತೆ.

ರೈತರು ಗುಂಡಿ ಒತ್ತಿದರು.

"ಯಾವನಲೇ ಅವ ಕಬ್ಬಿನ್ಯಾಗ? ಹೊರಗ ಬಾ! ಹೊರಗ ಬಾ ಅಂದೆ! ಕಾಲ ಮುರದು ಕೈಯಾಗ ಕೊಡ್ತೇನಿ!"

ಹೆಣ್ಣು ದನಿ. ಗುಡುಗು ಅಂದರೆ ಗುಡುಗು. ನಾನು ಅಂಗಾತ ಬಿದ್ದೆ. ಬಿದ್ದಲ್ಲಿಂದಲೇ ಎರಡೂ ಕೈ ಜೋಡಿಸಿ ಬಾಕ್ಸಿಗೆ ಹೇಳಿದೆ: "ಇಲ್ರಿ ಅಕ್ಕಾರ, ನಾವು ಬಾಕ್ಸ್ ನೋಡಾಕ ಬಂದೇವ್ರಿ!" ಢೋಲಕಿಯವ ಇದ್ದ ಜಾಗದಲ್ಲಿ ಅವನ ಒಂದು ಚಪ್ಪಲಿ ಮಾತ್ರ ಇತ್ತು. ಅವನು ಸ್ಕೂಟರಿನ ಹತ್ತಿರ ಹೋಗಿ ಕಿಕ್ ಹೊಡೆಯುತ್ತಿದ್ದ.

ರೈತರು ನಗುತ್ತ ಬಂದ್ ಮಾಡಿದರು. "ಹೆದರಬ್ಯಾಡ್ರಿ. ಕಾಡಹಂದಿ ಓಡಸಾಕ ರೆಕಾರ್ಡ್ ಮಾಡಿದ್ದು. ಹುಲಿ ಸಪ್ಪಳ ಹಾಕಿ ನೋಡಿದ್ವಿ, ಪಟಾಕಿ ಸಪ್ಪಳ ಹಾಕಿ ನೋಡಿದ್ವಿ, ಯಾವುದಕ್ಕೂ ಹೆದರಲಿಲ್ಲ. ಇದು ನಮ್ಮ ಮನಿಯವರ ದನಿ. ಹಾಕಿದಾಗಿಂದ ಒಂದು ಹಂದಿ ಈ ಕಡೆ ಹಾದಿಲ್ಲ."

ಅಷ್ಟರಲ್ಲಿ ರೈತರ ಹೆಂಡತಿಯೇ ಚಹಾದ ಕಿಟ್ಲಿ ಹಿಡಿದು ಬಂದರು. ಮೊಳಕಾಲುದ್ದದ ಸಣ್ಣ ಜೀವ. "ಚಾ ತಗೋರಿ ಅಣ್ಣಾ," ಅಂದರು. ಗುಬ್ಬಿ ಮಾತಾಡಿದ ಹಾಗೆ. ನಾನು ಬಾಕ್ಸನ್ನೊಮ್ಮೆ ಅವರನ್ನೊಮ್ಮೆ ನೋಡಿದೆ. ನಂಬಿಕೆ ಬರಲಿಲ್ಲ.

"ಯಾ ಕೆಲಸಕ್ಕ ಬಂದಿದ್ರಿ ಅಣ್ಣಾ?"

"ಬಾಕ್ಸ್ ಮಾರ್ತಾರಂತ ಕೇಳಿ ಬಂದಿದ್ವಿರಿ ಅಕ್ಕಾರ."

ರೈತರು ಆಕಾಶ ನೋಡಿದರು. ಆಮೇಲೆ ನನಗೆ ನಂಬಿಕೆ ಬಂತು. ಆ ಹೊಲದಲ್ಲಿ ಆಗ ಯಾವ ಸ್ಪೀಕರೂ ಚಾಲೂ ಇರಲಿಲ್ಲ. ಆದರೂ ಬಾವಿಯ ಆಚೆ ದನ ಕಾಯುತ್ತಿದ್ದವರು ಎದ್ದು ನಿಂತರು.

"ಬಾಕ್ಸ್ ಮಾರಿದ್ರ ಹೊಲಾ ಯಾರು ಕಾಯ್ತಾರ? ನೀವಾ?"

ಎಲ್ಲ ಮುಗಿದ ಮೇಲೆ ಅಕ್ಕ ನಮ್ಮ ಕಡೆ ತಿರುಗಿ ಮತ್ತೆ ಗುಬ್ಬಿಯಾದರು. "ತಪ್ಪು ತಿಳಕೋಬ್ಯಾಡ್ರಿ ಅಣ್ಣಾ. ಮೊದಲು ಇವರ ದನೀನ ರೆಕಾರ್ಡ್ ಮಾಡಿ ಹಾಕಿದ್ವಿ."

"ಏನಾತ್ರಿ?"

"ಹಂದಿ ತಮ್ಮ ಬೀಗರನ್ನೂ ಕರಕೊಂಡು ಬಂದ್ವು."

೫. ಖೋಟು ಇಲ್ಲದ ಬಾಕ್ಸ್

ಈಗ ನಾನು ನುಡಿಸುವ ಬಾಕ್ಸ್ ಸಿಕ್ಕದ್ದು ಕೊಲ್ಹಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಮಾರುವವರು ಕಾಲೇಜಿನಲ್ಲಿ ಗಣಿತ ಕಲಿಸುವ ತರುಣ ಮಾಸ್ತರು. ತೆಳ್ಳಗೆ, ಕನ್ನಡಕ, ಮೆಲುಮಾತು. ಬಾಕ್ಸ್ ಹೊಸದರಂತೆಯೇ ಇತ್ತು. ಬೆಲೆ ಎಷ್ಟೆಂದರೆ, ಅಷ್ಟಕ್ಕೆ ಅದರ ಪ್ಲೈವುಡ್ಡೂ ಬರುವುದಿಲ್ಲ.

ಹಿಂದಿನ ಹಲಗೆ ಬಿಚ್ಚಿದೆ. ಸ್ಪೀಕರ್ ಇದ್ದವು, ಕಂಪನಿಯವೇ. ಒತ್ತಿ ನೋಡಿದೆ, ಮೂಸಿ ನೋಡಿದೆ, ಮೀಟರ್ ಹಚ್ಚಿ ನೋಡಿದೆ. ಎಲ್ಲ ಸರಿ. ಗಿಟಾರ್ ಹಚ್ಚಿ ಒಂದು ತಂತಿ ಮೀಟಿದೆ. ಮೈಮೇಲೆ ಮುಳ್ಳು ಬಂತು, ಅಷ್ಟು ಚಂದದ ದನಿ. ಅಲ್ಲೇ ನನಗೆ ಭಯ ಶುರುವಾಯಿತು. ಖೋಟು ಇರುವ ಮಗ್ಗಕ್ಕೆ ಜಾಬರ್ ಹೆದರುವುದಿಲ್ಲ. ಖೋಟು ಸಿಗದೆ ನಿಂತ ಮಗ್ಗ ಕಂಡರೆ ದೇವರಿಗೆ ಊದುಬತ್ತಿ ಹಚ್ಚುತ್ತಾನೆ. ಇದರಲ್ಲಿ ಏನೂ ಕೆಟ್ಟಿಲ್ಲ, ಮತ್ತೆ ಇಷ್ಟು ಸೋವಿ ಯಾಕೆ?

ಢೋಲಕಿಯವ ಕಿವಿಯಲ್ಲಿ ಉಸುರಿದ: "ಚೋರೀಚಾ ಮಾಲ್."

ಕದ್ದ ಮಾಲು! ಸರಿ ಅನ್ನಿಸಿತು. ಮಾಸ್ತರಿಗೆ ವಿಚಾರ ಮಾಡಿ ಹೇಳುತ್ತೇವೆ ಅಂದು ಲಗುಬಗೆಯಿಂದ ಹೊರಬಿದ್ದೆವು. ಮೆಟ್ಟಿಲು ಇಳಿಯುವಾಗ ನಿಲ್ಲಿ ಎಂದು ಮೇಲಿನಿಂದ ಒಂದು ದನಿ ತಡೆಯಿತು.

"ಥಾಂಬಾ!"

ಎತ್ತರದ ಆಳು, ಬಿಳಿ ಮೀಸೆ, ಬನಿಯನ್ನಿನ ಕೆಳಗೆ ಖಾಕಿ ಪ್ಯಾಂಟು. ನಿವೃತ್ತ ಪೊಲೀಸ್ ಹವಾಲ್ದಾರರೆಂದು ಯಾರೂ ಹೇಳಬೇಕಾಗಿರಲಿಲ್ಲ. ಢೋಲಕಿಯವ ನನ್ನ ತೋಳು ಹಿಡಿದುಕೊಂಡ.

"ಮಾಸ್ತರ ಮನಿಯಾಗ ಬಾಕ್ಸ್ ನೋಡಾಕ ಬಂದವ್ರು ನೀವ ಏನು?"

"ಸಾಹೇಬ್ರ, ನಾವು ಏನೂ ತಗೊಂಡಿಲ್ರಿ! ದೇವರಾಣಿ ತಗೊಂಡಿಲ್ಲ!" ಅಂದೆ.

"ಅದನ್ನ ಕೇಳಾಕತ್ತೇನಿ," ಹವಾಲ್ದಾರರು ಎರಡು ಮೆಟ್ಟಿಲು ಇಳಿದು ಬಂದರು. "ಯಾಕ ತಗೊಂಡಿಲ್ಲ?"

ಅಷ್ಟರಲ್ಲಿ ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದವು. ಒಬ್ಬರು ಅವಲಕ್ಕಿಯ ಪ್ಲೇಟು ತಂದರು, ಒಬ್ಬರು ನೀರು. ಸೊಸೈಟಿಯ ಸೆಕ್ರೆಟರಿ ಓಡಿ ಬಂದು ನಮ್ಮನ್ನು ಮೆಟ್ಟಿಲ ಮೇಲೇ ಕೂರಿಸಿದರು. ಎಲ್ಲರೂ ಒಟ್ಟಿಗೆ ಆ ಬಾಕ್ಸನ್ನು ಹೊಗಳತೊಡಗಿದರು. ಢೋಲಕಿಯವನಿಗೆ ಹೊಗಳಲು ಜಾಗವೇ ಸಿಗಲಿಲ್ಲ.

"ಚಲೋ ಬಾಕ್ಸ್ ಅಂದ್ರ ಅದು," ಅಂದರು ಮಾಸ್ತರ ಮನೆಯ ಕೆಳಗಿನ ಫ್ಲ್ಯಾಟಿನ ಅಜ್ಜಿ. "ರಾತ್ರಿ ಗ್ಲಾಸಿನ್ಯಾಗ ನನ್ನ ಹಲ್ಲಿನ ಸೆಟ್ ಬಿಚ್ಚಿಡ್ತೇನಲಾ, ಅದು ತಾನಾಗೇ ಕಟಕಟ ಕಟಕಟ ಅಂತೈತಿ. ಅಷ್ಟು ದಮ್ ಐತಿ ಅದರಾಗ!"

"ಇಷ್ಟು ಚಲೋ ಐತಿ ಅಂದ್ರ ಇಷ್ಟು ಸೋವಿ ಯಾಕ್ರಿ?" ಅಂದೆ ಕೊನೆಗೆ.

ಎಲ್ಲರೂ ಸೆಕ್ರೆಟರಿಯ ಮುಖ ನೋಡಿದರು. ಸೆಕ್ರೆಟರಿ ಗಂಟಲು ಸರಿಮಾಡಿಕೊಂಡರು.

"ಮಾಸ್ತರಿಗೆ ಅರ್ಧಾ ರೇಟ್ ಸೊಸೈಟಿ ಕೊಡ್ತೈತ್ರಿ. ಮೀಟಿಂಗಿನ್ಯಾಗ ಎಲ್ಲಾರೂ ಕೈ ಎತ್ತಿ ಪಾಸ್ ಮಾಡೇವಿ. ಟೆಂಪೋ ಬಾಡಿಗೀನೂ ನಮ್ಮದ. ನೀವು ಬರೇ ಹ್ಞೂಂ ಅನ್ರಿ."

ನಾನು ಹ್ಞೂಂ ಅಂದೆನೋ ಇಲ್ಲವೋ, ಹವಾಲ್ದಾರರು "ಹಿಡೀರಿ!" ಎಂದು ಕೂಗಿದರು. ನಮ್ಮನ್ನಲ್ಲ, ಬಾಕ್ಸನ್ನು. ಇಡೀ ಅಪಾರ್ಟ್‌ಮೆಂಟು ಕೈ ಹಚ್ಚಿತು. ನಾನು ಮುಟ್ಟುವ ಮೊದಲೇ ಬಾಕ್ಸ್ ಕೆಳಗೆ ಟೆಂಪೋದಲ್ಲಿತ್ತು. ಅಜ್ಜಿ ಆರತಿ ತಟ್ಟೆ ತಂದು ಅದಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಇಟ್ಟು, "ಸುಖವಾಗಿರವ್ವಾ" ಅಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಇಷ್ಟು ಮಂದಿ ಕೂಡುವುದಿಲ್ಲ.

ಮಾಸ್ತರು ಒಂದು ಬದಿಗೆ ಒಬ್ಬರೇ ನಿಂತಿದ್ದರು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ನಾನೂ ನುಡಿಸುವವನೇ. ವಾದ್ಯ ಬಿಟ್ಟುಕೊಡುವ ಸಂಕಟ ಇವರಿಗೆಲ್ಲ ಏನು ಗೊತ್ತು? ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡೆ.

"ಮಾಸ್ತರ, ಕೆಟ್ಟ ಅನಸ್ಕೋಬ್ಯಾಡ್ರಿ. ನಾ ಇದನ್ನ ಮಗಳಂಗ ಜ್ವಾಪಾನ ಮಾಡ್ತೇನಿ."

"ಕೆಟ್ಟ ಯಾಕ್ರಿ?" ಮಾಸ್ತರು ಕನ್ನಡಕ ಹಾಕಿಕೊಂಡರು. "ಕಣ್ಣಾಗ ಧೂಳಾ ಬಿತ್ತು. ಭಾಳ ಉಪಕಾರ ಆತು ನಿಮ್ಮದು. ಹೊಸಾ ಬಾಕ್ಸ್ ಇದರ ಡಬಲ್ ಐತಿ, ಮನಿಯಾಗ ಇಡಾಕ ಜಾಗಾನ ಇರಲಿಲ್ಲ. ಸೊಸೈಟಿಯವರು ರೊಕ್ಕಾನೂ ಕೂಡಿಸಿ ಕೊಟ್ರು. ಇವತ್ತ ಸಂಜೀಕ ಬರ್ತೈತಿ."

ನನ್ನ ಕೈಯಲ್ಲಿದ್ದ ಅವರ ಕೈ ಜಾರಿತು. ನಾನು ಮೇಲೆ ನೋಡಿದೆ. ಎಲ್ಲ ಮಹಡಿಯ ಬಾಲ್ಕನಿಗಳಿಂದಲೂ ಜನ ನಗುನಗುತ್ತ ನಮಗೆ ಕೈ ಬೀಸುತ್ತಿದ್ದರು. ಅಜ್ಜಿ ಎರಡೂ ಕೈಯಿಂದ ದೃಷ್ಟಿ ತೆಗೆಯುತ್ತಿದ್ದರು. ಹವಾಲ್ದಾರರು ನಮಗೆ ಸೆಲ್ಯೂಟ್ ಹೊಡೆದರು.

ಢೋಲಕಿಯವ ಒಂದೇ ನೆಗೆತಕ್ಕೆ ಟೆಂಪೋ ಹತ್ತಿ ಡ್ರೈವರನ ಬೆನ್ನಿಗೆ ಗುದ್ದಿದ.

"ಚಲ್ ಚಲ್, ಲಗೂನ ಹೊಡಿ! ಹೊಸಾದು ಬರೂದ್ರಾಗ ಪಂಚಗಂಗಾ ಹೊಳಿ ದಾಟಬೇಕು!"